ಹುನಗುಂದದ ರೈಲು ನಾಟಕ

ಮೊನ್ನೆ ಬಾಗಲಕೋಟೆಯಲ್ಲಿ ನೆಂಟರ ಮದುವೆ. ಮದುಮಗನನ್ನು ಸಿಂಗರಿಸಲು ಕರೆಸಿದ್ದ ಹುಡುಗಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಗೆ ಸುಣ್ಣ ಬಳಿಯುವ ಶ್ರದ್ಧೆಯಿಂದ ಮುಖಕ್ಕೆ ಬಿಳಿಯ ಲೇಪ ಬಳಿಯುತ್ತಿದ್ದಳು. ಹೊಲದಲ್ಲಿ ದುಡಿದು ಲಕ್ಷಣವಾಗಿ ಕಪ್ಪಾಗಿದ್ದ ಹುಡುಗ ನೋಡನೋಡುತ್ತಿದ್ದಂತೆ ಹಿಟ್ಟಿನ ಗಿರಣಿಯಿಂದ ಹೊರಬಂದವನಂತಾದ. ಪಕ್ಕದಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದ ನಾನು ಪರಪರನೆ ಕಿವಿಯ ಹಿಂದೆ ಕೆರೆದುಕೊಳ್ಳತೊಡಗಿದೆ. ನನ್ನ ಹೆಂಡತಿ, ಜನರ ನಡುವೆ ಎಷ್ಟು ಸಾಧ್ಯವೋ ಅಷ್ಟು ಕಣ್ಣು ದೊಡ್ಡದು ಮಾಡಿದಳು. ಏನು ಮಾಡಲಿ? ಯಾರ ಮುಖಕ್ಕೆ ಬಿಳಿ ಬಣ್ಣ ಹತ್ತಿದರೂ ತುರಿಕೆ ಏಳುವುದು ನನಗೆ. ಎಪ್ಪತ್ತರ ದಶಕದಲ್ಲಿ, ಹುನಗುಂದದ ಸುಡುಬಿಸಿಲಿನಲ್ಲಿ, ಒಂದು ಮಧ್ಯಾಹ್ನ ನಾನು ಬ್ರಿಟಿಷ್ ಸಾಹೇಬನಾಗಿದ್ದೆ. ಸಾಮ್ರಾಜ್ಯ ಮುಳುಗಿತು, ತುರಿಕೆ ಉಳಿಯಿತು.

ನಾನು ಆಗ ಹುನಗುಂದದ ಹೈಸ್ಕೂಲೊಂದರಲ್ಲಿ ಇತಿಹಾಸದ ಮಾಸ್ತರ. ಹುಟ್ಟಿ ಬೆಳೆದದ್ದು ಬಾಗಲಕೋಟೆಯಲ್ಲಿ, ಸ್ಟೇಶನ್ನಿಗೆ ಹತ್ತಿದ ಓಣಿಯಲ್ಲಿ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ರೈಲಿತ್ತು. ಮುಂಜಾನೆಯ ಪ್ಯಾಸೆಂಜರ್ ಕೂಗಿದರೆ ಅವ್ವ ಹಂಚು ಒಲೆಯ ಮೇಲಿಡುವಳು. ರೈಲು ತಡವಾದರೆ ರೊಟ್ಟಿ ತಡ, ರೊಟ್ಟಿ ತಡವಾದರೆ ಸಾಲೆ ತಡ, ಸಾಲೆಗೆ ತಡವಾದರೆ ಬೆತ್ತ. ಬ್ರಿಟಿಷ್ ರಾಣಿಯ ಕಾಲದಲ್ಲಿ ಯಾರೋ ಹಾಸಿದ ಹಳಿಯ ಫಲವನ್ನು ಹೀಗೆ ನನ್ನ ಅಂಗೈ ಉಣ್ಣುತ್ತಿತ್ತು. ಒಣಹಾಕಿದ ಧೋತರದ ಮೇಲೆ ಎಂಜಿನ್ನಿನ ಮಸಿ ಕೂತರೆ ಅಪ್ಪ ಬೈಯುತ್ತಿದ್ದದ್ದು ರೈಲ್ವೆಯನ್ನಲ್ಲ, ಅವ್ವನನ್ನು. ಆದರೂ ರೈಲು ಬರುವ ಊರಿನವರೆಂಬ ಸೊಕ್ಕು ನಮಗೇನು ಕಡಿಮೆ ಇರಲಿಲ್ಲ. ನಾವಾರೂ ರೈಲು ಹತ್ತುತ್ತಿರಲಿಲ್ಲ. ಹೋಗುವುದಕ್ಕೆ ಊರಾದರೂ ಎಲ್ಲಿತ್ತು? ಟಿಕೀಟಿನ ಕಿಟಕಿಯಲ್ಲಿ ಸಂತೆಯಲ್ಲಿ ಮಾಡಿದಂತೆ ಚೌಕಾಸಿ ಮಾಡುವ ಹೊರಗಿನವರನ್ನು ನೋಡಿ ನಗುವುದು ಮಾತ್ರ ನಮ್ಮ ಜನ್ಮಸಿದ್ಧ ಹಕ್ಕಾಗಿತ್ತು.

ಸಾಲೆಯಲ್ಲಿ ನಮಗೊಂದು ಪಾಠವಿತ್ತು. ರಾಣಿ ಸರಕಾರದ ಉಪಕಾರಗಳು: ಅಂಚೆ, ತಂತಿ, ರೈಲು. ನಾವು ಅದನ್ನು ತಲೆ ಅಲ್ಲಾಡಿಸುತ್ತ ಬಾಯಿಪಾಠ ಮಾಡಿದೆವು. ನಾನು ಮಾಸ್ತರನಾಗುವ ಹೊತ್ತಿಗೆ ದೇಶ ಸ್ವತಂತ್ರವಾಗಿ ಬಹಳ ವರ್ಷಗಳಾಗಿದ್ದವು. ಹಾಗಾಗಿ ಪುಸ್ತಕದಲ್ಲಿ ‘ಉಪಕಾರಗಳು’ ಹೋಗಿ ‘ಪರಿಣಾಮಗಳು’ ಬಂದಿತ್ತು. ಪರೀಕ್ಷೆಯ ಉತ್ತರ ಮಾತ್ರ ಬದಲಾಗಿರಲಿಲ್ಲ: ಅಂಚೆ, ತಂತಿ, ರೈಲು.

ಹುನಗುಂದಕ್ಕೆ ಅಂಚೆ ಬಂದಿತ್ತು, ತಂತಿ ಬಂದಿತ್ತು, ಕೋರ್ಟು ಕಚೇರಿ ಎಲ್ಲ ಬಂದಿದ್ದವು. ರೈಲು ಬಂದಿರಲಿಲ್ಲ. ಅದನ್ನು ತರಲೆಂದು ಒಂದು ಹೋರಾಟ ಸಮಿತಿ ಹುಟ್ಟಿತು. ಇಳಕಲ್ಲಿನ ಸೀರೆ ವ್ಯಾಪಾರಿಗಳೂ ಬಂದು ಸೇರಿಕೊಂಡರು. ಮೊದಲ ಸಭೆಯಲ್ಲೇ ಜಗಳ. ಸ್ಟೇಶನ್ನಿಗೆ ಹುನಗುಂದ ಎಂದು ಹೆಸರಿಡಬೇಕೋ, ಇಳಕಲ್ ಎಂದಿಡಬೇಕೋ? ಹಳಿ ಇಲ್ಲ, ಗಾಡಿ ಇಲ್ಲ, ಫಲಕದ ಮೇಲಿನ ಅಕ್ಷರಕ್ಕಾಗಿ ಅಂಗಿ ಹರಿದುಕೊಂಡರು. ಇಳಕಲ್ಲಿನವರು ಎದ್ದುಹೋಗಿ ತಮ್ಮದೇ ಸಮಿತಿ ಮಾಡಿಕೊಂಡರು. ಒಂದೂ ರೈಲಿಲ್ಲದ ತಾಲೂಕಿನಲ್ಲಿ ಸಮಿತಿ ಎರಡಾದವು.

ನಮ್ಮ ಸಮಿತಿಗೆ ಅಧ್ಯಕ್ಷರು ಅಂದಾನೆಪ್ಪ ಸಾಹುಕಾರರು. ನಮ್ಮ ಸಾಲೆಯ ಆಡಳಿತ ಮಂಡಳಿಗೂ ಅವರೇ ಅಧ್ಯಕ್ಷರು. ನೌಕರಿ ಇನ್ನೂ ಕಾಯಂ ಆಗಿರದ ನನಗೆ ಅವರ ಎರಡನೆಯ ಅಧ್ಯಕ್ಷಗಿರಿಯ ಮೇಲೆ ಹೆಚ್ಚು ಭಕ್ತಿ. ಊರಿನ ಹತ್ತಿ, ಸೇಂಗಾ, ಜೋಳ ಹೊರಗೆ ಹೋಗುತ್ತಿದ್ದದ್ದು ಅವರ ಲಾರಿಗಳಲ್ಲೇ. ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ:

“ಸಾಹುಕಾರ್ರ, ರೈಲು ಬಂದ್ರ ನಿಮ್ಮ ಲಾರಿಗೋಳ ಗತಿ ಏನ್ರಿ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಮಾಸ್ತರ, ಹೋರಾಟ ಬ್ಯಾರೆ, ರೈಲು ಬ್ಯಾರೆ. ಇತಿಹಾಸ ಕಲಸ್ತೀರಿ, ಇಷ್ಟು ತಿಳಿಯೂದಿಲ್ಲೇನ್ರಿ?”

ಅಷ್ಟರಲ್ಲಿ ಸುದ್ದಿ ಬಂತು: ಹುಬ್ಬಳ್ಳಿಯಿಂದ ರೈಲ್ವೆಯ ದೊಡ್ಡ ಅಧಿಕಾರಿಯೊಬ್ಬರು ಬಾಗಲಕೋಟೆಗೆ ಬರುವವರಿದ್ದಾರೆ, ಅಲ್ಲಿಂದ ಹುನಗುಂದಕ್ಕೂ ಒಂದು ಮಧ್ಯಾಹ್ನ ಬಂದು ಜನರ ಬೇಡಿಕೆ ಕೇಳುತ್ತಾರೆ. ಸಾಹುಕಾರರು ನನ್ನನ್ನು ಕರೆಸಿದರು. ಬೇಡಿಕೆಯನ್ನು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ, ನಾಟಕ ಮಾಡಿ ತೋರಿಸಬೇಕು ಎಂದರು. ನಾಟಕ ಬರೆಯುವುದು ನಾನು. ಕತೆ ಅವರದೇ. ರಾಣಿಯ ಕಾಲದಲ್ಲಿ ಒಬ್ಬ ಬಿಳಿ ಎಂಜಿನಿಯರ್ ಸಾಹೇಬ ಬಾಗಲಕೋಟೆಯಿಂದ ಹುನಗುಂದಕ್ಕೆ ಕವಲು ಹಳಿ ಹಾಕಲೆಂದು ಅಳತೆಗೆ ಬಂದಿದ್ದನಂತೆ. ಸಾಹುಕಾರರ ಅಜ್ಜ ಅವನನ್ನು ಮನೆಗೆ, ತಮ್ಮ ದೊಡ್ಡ ವಾಡೆಗೆ ಕರೆದು, ತುಪ್ಪ ಬಡಿಸಿ, ಹೊಲ ಪುಕ್ಕಟೆ ಬರೆದುಕೊಟ್ಟು, ಮೇಲೆ ರೈಲ್ವೆ ಕಂಪನಿಯ ಶೇರುಗಳನ್ನೂ ಕೊಂಡರಂತೆ.

“ಹಂಗಾದ್ರ ರೈಲು ಯಾಕ ಬರಲಿಲ್ರಿ?” ಎಂದು ಕೇಳಿದೆ.

“ಬಾಗಲಕೋಟಿಯವ್ರ ಮೋಸ. ಅಲ್ಲಿ ವ್ಯಾಪಾರಸ್ಥರು ಸಾಯಬಗ ತಿನ್ನಿಸಿ ಹಳಿ ತಮ್ಮೂರಿಗೇ ನಿಲ್ಲಿಸಿದ್ರು. ಚೊಲೊತ್ನಂಗ ಬರೀರಿ. ನೀವು ಅದ ಊರಾವ್ರು, ನಿಮಗ ಅವರ ಬುದ್ಧಿ ಗೊತ್ತಿರತೈತಿ.”

ಹೀಗೆ ನನ್ನ ಹುಟ್ಟಿದೂರನ್ನೇ ಖಳನಾಯಕನನ್ನಾಗಿ ಮಾಡಿ ನಾನು ನಾಟಕ ಬರೆದೆ. ಬಹಳ ಚೆನ್ನಾಗಿ ಬಂತು. ಸ್ವಂತ ಊರನ್ನು ಬೈಯುವಾಗ ಶಬ್ದಗಳಿಗೆ ತಡಕಾಡಬೇಕಾಗುವುದಿಲ್ಲ.

ಅಜ್ಜನ ಪಾತ್ರ ನಮ್ಮ ಡ್ರಿಲ್ ಮಾಸ್ತರರಿಗೆ. ಅವರಿಗೆ ಎದೆಯೂ ಇತ್ತು, ಮೀಸೆಯೂ ಇತ್ತು. ಸಾಹೇಬನ ಪಾತ್ರ ನನಗೆ ಬಂತು. ನಾನು ಕೆಂಪಗಿದ್ದೆನೆಂದು ತಿಳಿಯಬೇಡಿ. ಶಿಕ್ಷಕರಲ್ಲಿ ಹೊಟ್ಟೆಯ ಮೇಲೆ ಪ್ಯಾಂಟು ನಿಲ್ಲುತ್ತಿದ್ದದ್ದು ನನಗೊಬ್ಬನಿಗೇ. ಈ ನಡುವೆ ಸಾಹುಕಾರರು ದಿನಾ ಸಂಜೆ ನನ್ನಿಂದ ಇಂಗ್ಲಿಷ್ ಪಾಠ ಹೇಳಿಸಿಕೊಳ್ಳತೊಡಗಿದರು. ಅಧಿಕಾರಿಯೊಡನೆ ತಾವೇ ಮಾತಾಡಬೇಕೆಂಬ ಹಂಬಲ. ವ್ಯಾಕರಣ ಬೇಡವೆಂದರು, ಕಾಗುಣಿತ ಬೇಡವೆಂದರು, ಒಂದೇ ವಾಕ್ಯ ಸಾಕೆಂದರು. “ಮೈ ಗ್ರ್ಯಾಂಡ್‌ಫಾದರ್ ಗೇವ್ ಲ್ಯಾಂಡ್ ಫಾರ್ ರೈಲ್ವೆ, ಸರ್.” ತಮ್ಮ ಅಡತಿ ಅಂಗಡಿಯಲ್ಲಿ ಹತ್ತಿಯ ಗಂಟುಗಳ ನಡುವೆ ಕೂತು ಈ ವಾಕ್ಯವನ್ನು ಎಷ್ಟು ಸಲ ಹೇಳಿದರೆಂದರೆ, ಕೊನೆಕೊನೆಗೆ ಹಮಾಲರೂ ಮೂಟೆ ಎತ್ತುವಾಗ ಹೈಸಾ ಎನ್ನುವ ಬದಲು ‘ಗ್ರ್ಯಾಂಡ್‌ಫಾದರ್’ ಎನ್ನತೊಡಗಿದರು.

ಅಧಿಕಾರಿ ಬರುವ ದಿನ ಬಂತು. ಸಾಲೆಯ ಬಯಲಿನಲ್ಲಿ ಚಪ್ಪರ. ನಾಟಕ ಬಿರುಬಿಸಿಲಿನಲ್ಲೇ ಆಗಬೇಕಿತ್ತು, ಏಕೆಂದರೆ ಅಧಿಕಾರಿ ಸಂಜೆಗೆ ಬಾಗಲಕೋಟೆಯಲ್ಲಿ ರೈಲು ಹಿಡಿಯಬೇಕಿತ್ತು. ರೈಲಿಲ್ಲದ ಊರಿಗೆ ಬಂದವರು ರೈಲು ತಪ್ಪೀತೆಂದು ಅವಸರ ಮಾಡುವುದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ. ಡ್ರಾಯಿಂಗ್ ಮಾಸ್ತರರು ಪರದೆಯ ಮೇಲೆ ದೊಡ್ಡ ಎಂಜಿನ್ ಬರೆದಿದ್ದರು. ನಿಜವಾದ ಎಂಜಿನ್ನನ್ನು ಅವರು ನೋಡಿರಲಿಲ್ಲವಾಗಿ ಅದರ ಗಾಲಿಗಳು ಎತ್ತಿನ ಬಂಡಿಯ ಗಾಲಿಗಳಂತೆ ಕಟ್ಟಿಗೆಯ ಅರೆಕಾಲುಗಳ ಸಮೇತ ಇದ್ದವು. ನನ್ನ ಮುಖ, ಕತ್ತು, ಕಿವಿಗಳಿಗೆಲ್ಲ ಸಫೇದವೆಂಬ ಬಿಳಿ ಬಣ್ಣ ಮೆತ್ತಿದರು. ಬೆವರಿಗೆ ಅದು ಕರಗಿ ಕಾಲರಿನೊಳಗೆ ಇಳಿಯತೊಡಗಿತು. ಆವತ್ತು ಹತ್ತಿದ ತುರಿಕೆಯೇ ಇದು.

ಅಧಿಕಾರಿ ಬಿಳಿ ಅಂಗಿ ತೊಟ್ಟ, ನಗದ, ಮಾತು ಕಡಿಮೆಯ ಮನುಷ್ಯ. ಆಡಿದ ಒಂದೆರಡು ಮಾತೂ ಇಂಗ್ಲಿಷಿನಲ್ಲಿ. ಉತ್ತರ ಹಿಂದುಸ್ತಾನದವರೇ ಸರಿ ಎಂದು ಎಲ್ಲರೂ ಕೂಡಿ ತೀರ್ಮಾನಿಸಿದೆವು. ಆಮೇಲೆ ಅವರ ಎದುರಿಗೇ ನಮ್ಮ ಮಾತು ಧಾರಾಳವಾಯಿತು.

“ಗೋಡಂಬಿ ತಾಟು ಅವನ ಮುಂದ ಸರಸ್ರಿ,” ಎಂದರು ಸಾಹುಕಾರರು ನಗುಮುಖದಿಂದ, ಕೈಮುಗಿಯುತ್ತಲೇ. “ತಿನ್ನಲಿ. ಎಷ್ಟು ತಿಂತಾನ, ಅಷ್ಟು ನಮ್ಮ ಋಣಕ್ಕ ಬೀಳ್ತಾನ.”

ಅಧಿಕಾರಿ ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು.

ನಾಟಕ ಶುರುವಾಯಿತು. ನಾನು ಬೆಂಡಿನ ಟೊಪ್ಪಿಗೆ ಹಾಕಿ, ಬೂಟುಗಾಲಲ್ಲಿ ಬಂದು, ಎತ್ತಿನ ಕೊಟ್ಟಿಗೆಯಿಂದ ತಂದ ಸರಪಳಿಯಲ್ಲಿ ನೆಲ ಅಳೆದು, “ಟುಮ್ ಊರು ಬಹಳ ಚಲೋ ಹೈ” ಎಂದೆ. ಜನ ನಕ್ಕರು. ಅಜ್ಜನ ವೇಷದ ಡ್ರಿಲ್ ಮಾಸ್ತರರು ತಲೆಗೆ ಪಟಗ ಸುತ್ತಿ, ಕೈಕಟ್ಟಿ, ನಡು ಬಗ್ಗಿಸಿ ನಿಂತರು. ನಾನು, “ಟುಮ್ ಶೇರು ತಗೋ” ಎನ್ನಬೇಕು, ಅವರು, “ದೊರೀ, ಎಷ್ಟು ಸೇರು ಅಳೀಲಿ? ಜ್ವಾಳಾನೋ, ಗೋಧೀನೋ?” ಎನ್ನಬೇಕು. ಇಡೀ ನಾಟಕದಲ್ಲಿ ನನಗೆ ಬಹಳ ಹೆಮ್ಮೆಯಿದ್ದ ಹಾಸ್ಯ ಇದೊಂದೇ. ಅವರು ಅದನ್ನು ಹೇಳಿದರು. ಜನ ಇನ್ನೇನು ನಗಬೇಕು, ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು.

“ಏ, ನಿಲ್ಲಸ್ರೋ!”

ಗೌರವ್ವ ಎದ್ದು ನಿಂತಿದ್ದಳು. ಈಕೆ ಸಾಹುಕಾರರ ಸೋದರತ್ತೆ, ನಾಟಕದ ಅಜ್ಜನ ಸ್ವಂತ ಮಗಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಆ ವಾಡೆಯನ್ನು ಆಳಿದವಳು. ವಯಸ್ಸು ತೊಂಬತ್ತರ ಹತ್ತಿರ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಕೈಯಲ್ಲಿ ಕೋಲು. ಊರಿಗೆಲ್ಲ ಸಾಹುಕಾರರಾದವರು ಅವಳ ಬಾಯಲ್ಲಿ ಇನ್ನೂ ಅಂದ್ಯಾ.

“ಅಂದ್ಯಾ, ಯಾರಿಂವ, ಈ ಪಟಗದಾಂವ?”

“ಅತ್ತಿ, ಕುಂಡ್ರು. ಅದು ನಾಟಕ. ನಿಮ್ಮಪ್ಪನ ಪಾರ್ಟು,” ಎಂದರು ಸಾಹುಕಾರರು ತಗ್ಗಿದ ದನಿಯಲ್ಲಿ.

“ನಮ್ಮಪ್ಪ ಹಿಂಗ ನಡಾ ಬಗ್ಗಿಸಿ ನಿಂದರ್ತಿದ್ನೇನೋ? ಯಾರ ಮುಂದ ನಿಂತಿದ್ದ ನಮ್ಮಪ್ಪ ಹಿಂಗ?”

ಯಾರು ತಡೆಯುವುದು? ಮುದುಕಿ ಕೋಲೂರಿಕೊಂಡು ರಂಗದ ಮೇಲೇ ಬಂದಳು. ಡ್ರಿಲ್ ಮಾಸ್ತರರು ಗಾಬರಿಯಲ್ಲಿ ಪಟಗ ತೆಗೆದು ಕಂಕುಳಲ್ಲಿಟ್ಟುಕೊಂಡರು. ಆಕೆ ನನ್ನ ಮುಂದೆ ನಿಂತು ಮುಖ ದಿಟ್ಟಿಸಿದಳು.

“ನೀ ಸಾಯಬ ಏನು?”

“ಹೌದ್ರಿ ಆಯಿ,” ಎಂದೆ. ಬ್ರಿಟಿಷ್ ಸಾಮ್ರಾಜ್ಯದ ಪ್ರತಿನಿಧಿಯ ಬಾಯಲ್ಲಿ ಈ ಉತ್ತರ ಕೇಳಿ, ನಾನು ಬರೆದ ಯಾವ ಹಾಸ್ಯಕ್ಕೂ ಇಷ್ಟು ನಗದಿದ್ದ ಜನ ಹೊಟ್ಟೆ ಹಿಡಿದು ನಕ್ಕರು.

“ಸಾಯಬ ಹಿಂಗ ಬೆಳ್ಳಗಿರಲಿಲ್ಲ. ಸುಟ್ಟ ಬದನಿಕಾಯಿ ಆಗಿದ್ದ, ಮೂಗಿನ ತೊಗಲು ಸುಲದಿತ್ತು. ನಾ ಸಣ್ಣಾಕಿ, ಕಟ್ಟಿ ಮ್ಯಾಲೆ ಕುಂತು ನೋಡೇನಿ. ಅವನ ಕುದರಿ ನಮ್ಮ ಕಣದಾಗ ಬಾಯಿ ಹಾಕಿತ್ತು. ಅಂವ ನಮ್ಮಪ್ಪಗ ಹೇಳಿದ, ಹೊಗಿಬಂಡಿಗೆ ರೊಕ್ಕ ಹಾಕು, ವರ್ಷಾ ಬಡ್ಡಿ ಕೊಡ್ತೀವಿ ಅಂತ. ನಮ್ಮಪ್ಪ ಎದ್ದು ನಿಂತ. ‘ನನ್ನ ಹತ್ತಿ ಬಂಡಿ ಹೊಂಟ್ರ ಸಾಲಿನ ತುದಿ ಕಾಣೂದಿಲ್ಲ. ಈ ಊರಿನ ಮಾಲೆಲ್ಲಾ ನನ್ನ ಬಂಡ್ಯಾಗ ಹೋಗತೈತಿ. ನಿನ್ನ ಹೊಗಿಬಂಡಿ ಬಂದ್ರ ನನ್ನ ಎತ್ತು ಏನು ಮಾಡಬೇಕು? ನಡಿ ಇಲ್ಲಿಂದ’ ಅಂದ. ಆಳು ಬಿಟ್ಟು ಅವನ ಡೇರೆ ಹಗ್ಗ ಕೊಯ್ಸಿದ. ತಿಳೀತಿಲ್ಲೋ? ನಡಿ!”

ಕೋಲು ಮೇಲೆದ್ದಿತು. ನಾನು ಯಾರೂ ಕಲಿಸದೆ, ಯಾವ ತಾಲೀಮೂ ಇಲ್ಲದೆ, ಬೆಂಡಿನ ಟೊಪ್ಪಿಗೆ ಬಿಟ್ಟು ಪರದೆಯ ಹಿಂದಕ್ಕೆ ಓಡಿದೆ. ಚಪ್ಪರ ಹಾರಿಹೋಗುವಂಥ ಚಪ್ಪಾಳೆ. ಹುನಗುಂದದಲ್ಲಿ ಅಂಥ ಚಪ್ಪಾಳೆಯನ್ನು ನಾನು ಮತ್ತೆ ಕೇಳಲಿಲ್ಲ.

ಆದರೆ ಚಪ್ಪಾಳೆ ಇಳಿಯುತ್ತಿದ್ದಂತೆ ಎಲ್ಲರಿಗೂ ಅರ್ಥವಾಗತೊಡಗಿತು. ರೈಲನ್ನು ತಡೆದವರು ಬಾಗಲಕೋಟೆಯವರಲ್ಲ. ಇದೇ ವಾಡೆಯವರು, ಅದೂ ಬಂಡಿಯ ಬಾಡಿಗೆ ತಪ್ಪೀತೆಂದು. ಜನ ಮೆಲ್ಲಗೆ ತಿರುಗಿ, ಚಪ್ಪರದ ಆಚೆ ನಿಂತಿದ್ದ ಸಾಹುಕಾರರ ಲಾರಿಗಳನ್ನು ನೋಡಿದರು. ಕೂಡಲೇ ಮತ್ತೆ ಮುಂದಕ್ಕೆ ತಿರುಗಿ ಕೂತರು. ಎಲ್ಲರ ಜೋಳವೂ ಅದೇ ಲಾರಿಯಲ್ಲಿ ಹೋಗಬೇಕಿತ್ತಲ್ಲ.

ಅಧಿಕಾರಿ ಇಂಗ್ಲಿಷಿನಲ್ಲಿ, ಆ ಹಿರಿಯರು ಏನು ಹೇಳಿದರೆಂದು ಕೇಳಿದರು. ಸಾಹುಕಾರರು ಪರದೆಯತ್ತ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದರು: “ಮಾಸ್ತರ, ಹೊರಗ ಬರ್ರಿ. ಏನರೆ ಹೇಳ್ರಿ. ಛಲೋದು ಏನರೆ!”

ನಾನು ಅರ್ಧ ಕರಗಿದ ಮುಖ ಹೊತ್ತು ಹೊರಬಂದೆ. ಒಂದು ಕಡೆ ಇತಿಹಾಸ, ಇನ್ನೊಂದು ಕಡೆ ಕಾಯಂ ನೌಕರಿ. ನನ್ನ ಇಂಗ್ಲಿಷು ಆ ಹೊತ್ತಿನಲ್ಲಿ ಏರಿದ ಎತ್ತರಕ್ಕೆ ಮತ್ತೆಂದೂ ಏರಲಿಲ್ಲ. ಈ ಮನೆತನಕ್ಕೆ ಮೊದಲಿನಿಂದಲೂ ರೈಲ್ವೆಯ ವಿಷಯದಲ್ಲಿ ಬಹಳ ಕಳವಳವಿದೆ ಎಂದು ಆಕೆ ಹೇಳುತ್ತಿದ್ದಾಳೆ, ಎಂದೆ. ಇದರಲ್ಲಿ ಒಂದಕ್ಷರವಾದರೂ ಸುಳ್ಳಿದ್ದರೆ ತೋರಿಸಿ.

ಅಧಿಕಾರಿ ನನ್ನನ್ನೇ ನೋಡಿದರು. ಆಮೇಲೆ ಸ್ವಚ್ಛವಾದ ತುಮಕೂರು ಕಡೆಯ ಕನ್ನಡದಲ್ಲಿ ಅಂದರು: “ಮಾಸ್ತರೇ, ಹಗ್ಗ ಕೊಯ್ಸಿದ್ದನ್ನ ಬಿಟ್ಟೇಬಿಟ್ರಲ್ಲ.”

ಮರಳಿ ಬಂದು ಕೂತಿದ್ದ ಸಾಹುಕಾರರ ಕೈ ಗೋಡಂಬಿ ತಾಟಿನ ಮೇಲೆ ನಿಂತುಬಿಟ್ಟಿತ್ತು. ಅಧಿಕಾರಿ ತಾಟನ್ನು ಮೆಲ್ಲಗೆ ಅವರತ್ತ ಸರಿಸಿ, “ಸಾಕು ಸ್ವಾಮಿ, ಋಣ ಜಾಸ್ತಿಯಾಯ್ತು” ಎಂದರು. ಎದ್ದು ಹೋಗಿ, ರಂಗದ ಅಂಚಿನಲ್ಲಿ ಕೂತಿದ್ದ ಗೌರವ್ವನ ಪಕ್ಕದಲ್ಲಿ ನೆಲದ ಮೇಲೇ ಕೂತರು.

“ಅಮ್ಮಾ, ನಿಮ್ಮ ತಂದೆಯವರು ಬೇಡ ಅಂದ್ರು, ಸರಿ. ಈಗ ನೀವು ಹೇಳಿ. ಈ ಊರಿಗೆ ರೈಲು ಬೇಕೇನಮ್ಮಾ?”

ಗೌರವ್ವ ಸೆರಗು ಸರಿಮಾಡಿಕೊಂಡಳು. “ನನ್ನ ಯಾರೂ ಕೇಳಿರಲಿಲ್ಲ,” ಎಂದಳು.

ಮತ್ತೆ ಅಂದಳು: “ನಮ್ಮಪ್ಪ ಗಂಡಸು. ಬೇಕಾದಾಗ ಕುದರಿ ಹತ್ತಿ ಹೋಗ್ತಿದ್ದ. ನನ್ನ ತಂಗೀನ್ನ ಗದಗಿಗೆ ಕೊಟ್ಟಿದ್ರು. ಬಾಣಂತ್ಯಾಗಿ ಜಡ್ಡಿಗೆ ಬಿದ್ಲು. ಅಕ್ಕನ್ನ ನೋಡಬೇಕು ಅಂತಾಳ ಅಂತ ಆಳ ಬಂದ. ಬಂಡಿ ಹೂಡಿಸಿಕೊಂಡು ಬಾಗಲಕೋಟಿ ಸ್ಟೇಶನ್ನಿಗೆ ಹೋದೆ. ನಾ ಮುಟ್ಟೂದ್ರಾಗ ಗಾಡಿ ಹೋಗಿತ್ತು. ಅಲ್ಲೇ ಕಲ್ಲಿನ ಮ್ಯಾಲೆ ಕುಂತೆ. ಮರುದಿನ ಗದಗಿನಿಂದ ಬರೂ ಗಾಡಿ ಮೊದಲ ಬಂತು. ನಾ ಇದ ನನ್ನ ಗಾಡಿ ಅಂತ ಎದ್ರ, ಅದರಾಗಿಂದ ಗದಗಿನ ಆಳ ಇಳದ. ಮಣ್ಣಾತ್ರಿ ಅಂದ. ಮತ್ಯಾಕ ಹತ್ತಲಿ? ಬಂಡಿ ತಿರಗಿಸಿದೆ.” ಕೋಲಿನ ತುದಿಯಿಂದ ನೆಲ ಕೆದಕಿದಳು. “ನಮ್ಮಪ್ಪ ಯಾರ ಮುಂದೂ ನಡಾ ಬಗ್ಗಿಸಲಿಲ್ಲ. ಅದು ಖರೆ ಐತಿ. ಆದ್ರ ರೈಲು ಬೇಕಿತ್ರಿ.”

ಅಧಿಕಾರಿ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ, ಸಾಹೇಬನ ವೇಷದಲ್ಲಿ ಬೇರೇನು ಮಾಡಬೇಕೋ ತೋಚಲಿಲ್ಲ. ಅಷ್ಟರಲ್ಲಿ ಸಾಹುಕಾರರು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ತಿಂಗಳಿಡೀ ಕಲಿತದ್ದನ್ನು ವ್ಯರ್ಥವಾಗಬಿಡದೆ, ಒಂದು ತಪ್ಪೂ ಇಲ್ಲದೆ ಹೇಳಿದರು: “ಮೈ ಗ್ರ್ಯಾಂಡ್‌ಫಾದರ್ ಗೇವ್ ಲ್ಯಾಂಡ್ ಫಾರ್ ರೈಲ್ವೆ, ಸರ್.”

ಅಧಿಕಾರಿ ಗಡಿಯಾರ ನೋಡಿಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ ಜೀಪು ಹತ್ತಿದರು.

ನನ್ನ ನೌಕರಿ ಹೋಯಿತೆಂದೇ ತಿಳಿದು ಮರುದಿನ ಅಡತಿ ಅಂಗಡಿಗೆ ಹೋದೆ. ಸಾಹುಕಾರರು ಪ್ರಸನ್ನವಾಗಿದ್ದರು.

“ಮಾಸ್ತರ, ನಾಟಕದಾಗ ಒಂದು ಸಣ್ಣ ದುರಸ್ತಿ ಮಾಡ್ರಿ. ನಮ್ಮಜ್ಜ ಸಾಯಬನ್ನ ಓಡಿಸೂದು ಹಾಕ್ರಿ. ಚಪ್ಪಾಳಿ ಎಲ್ಲಾ ಅಲ್ಲೇ ಅದಾವ. ಅಜ್ಜನ ಪಾರ್ಟು ನಾನ ಮಾಡ್ತೇನಿ.”

“ಮತ್ತ ರೈಲು ಯಾಕ ಬರಲಿಲ್ಲ ಅಂತ ಯಾರರೆ ಕೇಳಿದ್ರ?”

“ಬಾಗಲಕೋಟಿಯವ್ರ ಮೋಸ. ಅದು ಹಂಗ ಇರಲಿ, ಯಾಕ ತಗೀತೀರಿ?”

ಆ ಪ್ರಕಾರ ಅಜ್ಜ ಸಾಹೇಬನನ್ನು ಓಡಿಸಿದ, ಬಾಗಲಕೋಟೆಯವರು ಮೋಸವನ್ನೂ ಮಾಡಿದರು, ಎರಡೂ ಒಂದೇ ನಾಟಕದಲ್ಲಿ ಜಗಳವಿಲ್ಲದೆ ಇದ್ದವು. ಇಳಕಲ್ಲಿನಲ್ಲಿಯೂ ಆಡಿದೆವು, ಅಲ್ಲಿಯ ಸಮಿತಿಯವರು ನನ್ನನ್ನು ಓಡಿಸುವಾಗ ಎರಡು ಸಲ ಒನ್ಸ್ ಮೋರ್ ಹೇಳಿದರು. ಸಾಹುಕಾರರಂಥ ದೇಶಭಕ್ತ ಮನೆತನ ಈ ಭಾಗದಲ್ಲಿ ಇನ್ನೊಂದಿಲ್ಲವೆಂದು ಭಾಷಣಗಳಾದವು. ಮುಂದಿನ ಯುಗಾದಿಗೆ ಅವರು ಹೊಸ ಲಾರಿ ತಂದು ಅದಕ್ಕೆ ಅಜ್ಜನ ಹೆಸರು ಬರೆಸಿದರು. ನನ್ನ ನೌಕರಿ ಕಾಯಂ ಆಯಿತು. ರೈಲು ಬರಲಿಲ್ಲ.

ಮೊದಲ ನಾಟಕ ಆಡಿದ ವರ್ಷದ ಚಳಿಗಾಲದಲ್ಲಿ ಗೌರವ್ವ ನನ್ನನ್ನು ವಾಡೆಗೆ ಕರೆಸಿದಳು. ಅವಳ ತಂಗಿ ಹೆತ್ತು ಬಿಟ್ಟುಹೋದ ಕೂಸಿನ ಮಗಳನ್ನು ಬಾದಾಮಿಗೆ ಕೊಟ್ಟಿದ್ದರಂತೆ. ಅವಳನ್ನು ನೋಡಬೇಕು ಎಂದಳು.

“ಸಾಹುಕಾರ್ರ ಮೋಟರ್ ಐತೆಲ್ರಿ ಆಯಿ.”

“ಅಂದ್ಯಾನ ಮೋಟರ್ ಬ್ಯಾಡ. ನೀ ರೈಲಿನ ಊರಾಂವ. ನನ್ನ ರೈಲಿಗೆ ಹತ್ತಸು.”

ಬಾಗಲಕೋಟೆಯವರೆಗೆ ಸರಕಾರಿ ಬಸ್ಸು. ಸ್ಟೇಶನ್ನಿಗೆ ಬೇಕಾದದ್ದಕ್ಕಿಂತ ಬಹಳ ಮೊದಲೇ ಹೋಗಿ ಕೂತೆವು. ಆಕೆ ಚಹಾ ಕುಡಿಯಲೂ ಏಳಗೊಡಲಿಲ್ಲ. ಗಾಡಿ ಬಂತು. ಮೆಟ್ಟಿಲು ಎತ್ತರ, ಹಿಂದಿನಿಂದ ನಾನು, ಮೇಲಿನಿಂದ ಯಾರೋ ಪುಣ್ಯಾತ್ಮ ಕೈಕೊಟ್ಟು ಹತ್ತಿಸಿದೆವು. ಕಿಟಕಿಯ ಪಕ್ಕದ ಕಟ್ಟಿಗೆಯ ಸೀಟಿನ ಮೇಲೆ ಕೂತು, ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನ್ನ ಚಟ ಸುಮ್ಮನಿರುತ್ತದೆಯೆ? ಈ ಹಳಿಯನ್ನು ರಾಣಿಯ ಕಾಲದಲ್ಲಿ ಹೇಗೆ ಹಾಕಿದರು, ವಿಲಾಯತಿಯ ಜನ ಹೇಗೆ ಶೇರು ಕೊಂಡರು, ಸರಕಾರ ಹೇಗೆ ಬಡ್ಡಿಗೆ ಜಾಮೀನು ನಿಂತಿತು ಎಂದು ಪಾಠ ತೆಗೆದೆ.

“ಸುಮ್ಮ ಕುಂಡ್ರು ಮಾಸ್ತರ,” ಎಂದಳು ಹೊರಗೆ ನೋಡುತ್ತಲೇ.

ಕಡಲೆ ಹೊಲಗಳು ಹೋದವು, ಗುಳೇದಗುಡ್ಡದ ಕಡೆಯ ಗುಡ್ಡಗಳು ಹೋದವು, ಕೆಂಪು ಬಂಡೆಗಳು ಕಂಡವು. ನಾನು ಗಂಟು ಕೆಳಗಿಳಿಸಿ, “ಬಾದಾಮಿ ಬಂತ್ರಿ ಆಯಿ” ಎಂದೆ. ಆಕೆ ನಂಬಲಿಲ್ಲ. ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಎದ್ದದ್ದು.

ಇಳಿದವಳು ಟಾಂಗಾದ ಕಡೆ ಹೊರಡಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಗಾಡಿಯನ್ನೇ ನೋಡುತ್ತಿದ್ದಳು. ಸೀಟಿ ಊದಿತು, ಗಾಡಿ ಹೊರಟಿತು, ಕೊನೆಯ ಡಬ್ಬಿಯೂ ತಿರುವಿನಲ್ಲಿ ಮರೆಯಾಯಿತು.

“ಇದು ಹಿಂಗ ಗದಗಿಗೆ ಹೋಗತೈತೇನು?”

“ಹೌದ್ರಿ ಆಯಿ. ಇನ್ನೊಂದಿಷ್ಟು ಹೊತ್ತು, ಅಷ್ಟ.”

ಗೌರವ್ವ ಖಾಲಿ ಹಳಿಯನ್ನು ನೋಡಿದಳು.

“ಇಷ್ಟಽ? ಇಷ್ಟಕ್ಕ ಹೆದರಿದ್ನೇನು ನಮ್ಮಪ್ಪ?”